ಗುಡ್ಡದ ಮೇಲಿನ ಮರ ಯಾವುದಕ್ಕೆ ಲಂಬ?

ಶನಿವಾರ ಬೆಳಗಿನ ಕ್ಲಾಸು. ಚಿತ್ರ ಬರೆಯುವ ಅವಧಿ. "ನಿಮ್ಮನೆ ಹಿಂದಿನ ಗುಡ್ಡ, ಮರ ಬರೀರಿ" ಅಂತ ಹೇಳಿ ನಾನು ಬಿಸಿಯೂಟದ ಲೆಕ್ಕ ಬರೆಯುತ್ತಾ ಕೂತಿದ್ದೆ. ನಾಲ್ಕನೇ ತರಗತಿಯ ಒಬ್ಬ ಹುಡುಗಿ ಹಾಳೆ ತಂದು ತೋರಿಸಿದಳು. ಅವಳನ್ನು ಇಲ್ಲಿ ಪುಟ್ಟಿ ಅಂತ ಕರೆಯುತ್ತೇನೆ. ಗುಡ್ಡ ಚೆನ್ನಾಗಿತ್ತು. ಮರಗಳು ಮಾತ್ರ ಇಳಿಜಾರಿನಿಂದ ಬಾಚಣಿಗೆ ಹಲ್ಲಿನ ಹಾಗೆ ಹೊರಕ್ಕೆ ಚಾಚಿದ್ದವು. ಎಡಗಡೆಯ ಮರಗಳೆಲ್ಲ ಎಡಕ್ಕೆ ವಾಲಿದ್ದವು, ಬಲಗಡೆಯವು ಬಲಕ್ಕೆ.

"ಮರ ಹೀಗೆ ಬೀಳೋ ಹಾಗೆ ಇರುತ್ತೇನೇ? ಮರ ಲಂಬವಾಗಿ ನಿಲ್ಲಬೇಕು" ಅಂದೆ. ಕೆಂಪು ಪೆನ್ನಿನಲ್ಲಿ ಒಂದು ಮರ ನೆಟ್ಟಗೆ ಬರೆದು ತೋರಿಸಿದೆ. ಅವಳು ತಲೆಯಾಡಿಸಿ ಹೋದಳು.

ಆ ಒಂದು ಮಾತು ಆಮೇಲೆ ಮೂರು ವಾರ ನನ್ನ ಬೆನ್ನು ಬಿಡಲಿಲ್ಲ.

ಶಾಲೆ, ಮಕ್ಕಳು, ಮೊದಲ ಹಾಳೆ

ನಮ್ಮದು ಸಕಲೇಶಪುರದ ಕಡೆಯ ಒಂದು ಸಣ್ಣ ಸರ್ಕಾರಿ ಶಾಲೆ. ಒಂದರಿಂದ ಮೂರರವರೆಗೆ ನಲಿಕಲಿ, ಅಂದರೆ ಮೂರೂ ತರಗತಿ ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವುದು. ನಾಲ್ಕು ಮತ್ತು ಐದನೇ ತರಗತಿ ಒಂದೇ ಕೋಣೆಯಲ್ಲಿ, ಎರಡಕ್ಕೂ ನಾನೇ ಟೀಚರು. ಒಟ್ಟು 17 ಮಕ್ಕಳು. ಜಾಸ್ತಿ ಮಕ್ಕಳ ಅಪ್ಪ ಅಮ್ಮ ಕಾಫಿ ತೋಟದಲ್ಲಿ ಕೆಲಸ ಮಾಡುವವರು. ಶಾಲೆಯ ಹಿಂದೆಯೇ ತೋಟದ ಇಳಿಜಾರು. ಕಾಫಿ ಗಿಡಕ್ಕೆ ನೆರಳು ಕೊಡಲು ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಈ ಸಿಲ್ವರ್ ಓಕ್ ಈ ಕಥೆಯಲ್ಲಿ ಮತ್ತೆ ಬರುತ್ತದೆ.

ಐದನೇ ತರಗತಿಗೆ ಕೋನದ ಪಾಠ ಬಂದಿತ್ತು. ಅದರ ಜೊತೆಗೇ ಸಮಾಂತರ ರೇಖೆ, ಲಂಬ ರೇಖೆ ಹೇಳಿಕೊಟ್ಟು ಬಿಡೋಣ, ನಾಲ್ಕನೆಯವರೂ ಕೇಳಲಿ ಅಂತ ನನ್ನ ಲೆಕ್ಕ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಬೋರ್ಡಿನ ಮೇಲೆ ರೈಲು ಹಳಿ ಬರೆದೆ. "ಎಷ್ಟು ದೂರ ಹೋದರೂ ಸೇರದ ಗೆರೆಗಳು ಸಮಾಂತರ." ಒಂದು ಅಧಿಕ ಚಿಹ್ನೆ ಬರೆದೆ. "ಹೀಗೆ ನೇರ ಮೂಲೆ ಮಾಡಿ ಸೇರಿದರೆ ಲಂಬ." ಮಕ್ಕಳು ಒಟ್ಟಿಗೆ ಕೂಗಿ ಹೇಳಿದರು. ನಾನು ಖುಷಿಪಟ್ಟೆ.

ನಮ್ಮ ಮಕ್ಕಳಿಗೆ ರೈಲು ಹೊಸದಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ ಘಾಟಿ ಇಳಿಯುವ ಹಳಿ ನೋಡಿದವರೇ. ಆದರೆ ಕಣ್ಣಿಗೆ ಕಾಣುವ ಹಳಿ ದೂರದಲ್ಲಿ ಸೇರಿದ ಹಾಗೇ ಕಾಣುತ್ತದೆ. ಘಾಟಿಯಲ್ಲಿ ಅದು ಬಳಸಿ ಬಳಸಿ ಹೋಗುತ್ತದೆ, ನೇರ ಗೆರೆಯೇ ಅಲ್ಲ. ಸಾಲದ್ದಕ್ಕೆ ನಾನು ಚಂದ ಕಾಣಲಿ ಅಂತ ಬೋರ್ಡಿನಲ್ಲಿ ದೂರ ಹೋದಂತೆ ಹಳಿ ಕಿರಿದಾಗುವ ಹಾಗೆ ಬರೆದಿದ್ದೆ! ಸೇರದ ಗೆರೆಗೆ ಉದಾಹರಣೆಯಾಗಿ ಸೇರುವ ಗೆರೆಗಳ ಚಿತ್ರ. ಆ ಹೊತ್ತಿಗೆ ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಮಾರನೇ ದಿನ ಒಂದು ಹಾಳೆ ಕೊಟ್ಟೆ. ಹತ್ತು ಜೋಡಿ ಗೆರೆಗಳು. ಸಮಾಂತರವೋ, ಲಂಬವೋ, ಎರಡೂ ಅಲ್ಲವೋ ಬರೆಯಬೇಕು. ಅಡ್ಡ ಉದ್ದ ಇದ್ದ ಜೋಡಿಗಳನ್ನು ಎಲ್ಲರೂ ಸರಿ ಬರೆದರು. ಮಿಕ್ಕವುಗಳಲ್ಲಿ ಕೈಕೊಟ್ಟರು. ಅಧಿಕ ಚಿಹ್ನೆಯನ್ನೇ ಸ್ವಲ್ಪ ತಿರುಗಿಸಿ ಬರೆದಿದ್ದೆ. ಅದನ್ನು ಲಂಬ ಅಂದವರು ಮೂರೇ ಮಂದಿ. ಉಳಿದವರು "ಗುಣಾಕಾರ" ಅಂತ ಬರೆದಿದ್ದರು. ಪಾಪ, ಅದೂ ಸುಳ್ಳಲ್ಲ. ಒಂದು ಉದ್ದ, ಒಂದು ಗಿಡ್ಡ ಸಮಾಂತರ ಗೆರೆಗಳಿದ್ದ ಜೋಡಿಗೆ "ಸಮ ಇಲ್ಲ" ಅಂತ ಉತ್ತರ. ಹತ್ತಿರ ಬರುತ್ತಿದ್ದರೂ ಹಾಳೆಯ ಮೇಲೆ ಇನ್ನೂ ಮುಟ್ಟದ ಎರಡು ಗೆರೆಗಳನ್ನು 11 ಮಕ್ಕಳು ಸಮಾಂತರ ಅಂದರು. ಯಾಕೆ ಅಂದರೆ, "ಸೇರಿಲ್ವಲ್ಲ ಟೀಚರ್."

ಓರೆಯಾಗಿದ್ದ ಅಧಿಕ ಚಿಹ್ನೆಯನ್ನು ಲಂಬ ಅಂದ ಮೂವರಲ್ಲಿ ಪುಟ್ಟಿಯೂ ಒಬ್ಬಳು.

ಪುಟ್ಟಿಯ ಪ್ರಶ್ನೆ

ಹಾಳೆ ಹಂಚಿ ತಪ್ಪು ತಿದ್ದಿಸುವಾಗ ಹೇಳಿದೆ: "ಗೆರೆ ಯಾವ ಕಡೆ ವಾಲಿದ್ದರೂ ಪರವಾಗಿಲ್ಲ. ಮೂಲೆ ಸರಿಯಾಗಿದ್ದರೆ ಲಂಬ." ಪುಟ್ಟಿ ಸುಮ್ನೆ ಎದ್ದು ಹೋಗಿ ಚೀಲದಿಂದ ಶನಿವಾರದ ಚಿತ್ರ ತಂದಳು.

"ಹಂಗಾದ್ರೆ ನನ್ನ ಮರ ಸರಿ ಐತಲ್ವಾ ಟೀಚರ್? ಗುಡ್ಡಕ್ಕೆ ಮೂಲೆ ಸರಿ ಐತೆ. ನೀವು ಲಂಬ ಇಲ್ಲ ಅಂದ್ರಿ."

ಜ್ಯಾಮಿಟ್ರಿ ಬಾಕ್ಸಿನ ಮೂಲೆಮಟ್ಟ ತೆಗೆದು ಅವಳ ಮರಗಳ ಬುಡಕ್ಕೆ ಇಟ್ಟು ನೋಡಿದೆ. ಎಡಗಡೆಯ ಮೂರು ಮರಗಳು ಇಳಿಜಾರಿನ ಗೆರೆಗೆ ಸರಿಯಾಗಿ ಕೂತವು. ನಾನು ಕೆಂಪು ಪೆನ್ನಿನಲ್ಲಿ ಬರೆದಿದ್ದ ಮರ ಮಾತ್ರ ಕೂರಲಿಲ್ಲ. ಪಾಠದ ಪ್ರಕಾರ ಅವಳ ಮರಗಳು ಲಂಬ, ನನ್ನದು ಅಲ್ಲ.

ಕೆಟ್ಟದ್ದೆಲ್ಲಾ ಆ ಒಂದು ಪದದಲ್ಲಿ. ನಾವು ಕನ್ನಡದಲ್ಲಿ ಲಂಬ ಅನ್ನುವುದನ್ನು ಎರಡು ಕೆಲಸಕ್ಕೆ ದುಡಿಸುತ್ತೇವೆ. ಧ್ವಜದ ಕಂಬ ಲಂಬವಾಗಿ ನಿಂತಿದೆ ಅಂದರೆ ನೆಟ್ಟಗೆ, ಆಕಾಶದ ಕಡೆಗೆ. ಈ ಗೆರೆ ಆ ಗೆರೆಗೆ ಲಂಬ ಅಂದರೆ ಇಬ್ಬರ ನಡುವೆ 90 ಡಿಗ್ರಿ. ಮೊದಲನೆಯದು ಒಂದೇ ವಸ್ತುವಿನ ನಿಲುವು. ಎರಡನೆಯದು ಇಬ್ಬರ ಸಂಬಂಧ, ಅಣ್ಣ ತಮ್ಮ ಇದ್ದ ಹಾಗೆ. ಒಬ್ಬನೇ ಇದ್ದರೆ ಅಣ್ಣ ಅನ್ನುವ ಮಾತಿಗೆ ಅರ್ಥವೇ ಇಲ್ಲ. ಮೂಲದಲ್ಲಿ ಲಂಬ ಅಂದರೆ ಜೋತುಬಿದ್ದದ್ದು, ಲಂಬೋದರನ ಹೊಟ್ಟೆಯ ಹಾಗೆ. ದಾರಕ್ಕೆ ಗುಂಡು ಕಟ್ಟಿ ಬಿಟ್ಟರೆ ಜೋತುಬೀಳುತ್ತದಲ್ಲ, ಅದೇ. ಇಂಗ್ಲಿಷಿನವರ "ಪರ್ಪೆಂಡಿಕ್ಯುಲರ್" ಪದವೂ ಲ್ಯಾಟಿನ್ನಿನ ತೂಗುಗುಂಡಿನಿಂದಲೇ ಬಂದದ್ದು. ಅಂದರೆ ಈ ಗೋಜಲು ನಮ್ಮೊಬ್ಬರದ್ದೇ ಏನಲ್ಲ.

ಪುಟ್ಟಿಯ ಚಿತ್ರವೂ ಲೋಕಕ್ಕೆ ಹೊಸದಲ್ಲ ಅಂತ ನೆನಪಾಯಿತು. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞರಾದ ಪಿಯಾಜೆ ಮತ್ತು ಇನ್‌ಹೆಲ್ಡರ್ 1948ರಲ್ಲೇ ಇದನ್ನು ಬರೆದಿದ್ದರು. ಸಣ್ಣ ಮಕ್ಕಳು ಗುಡ್ಡದ ಮರವನ್ನು ಇಳಿಜಾರಿಗೆ ಅಂಟಿಸಿ ಬರೆಯುತ್ತಾರೆ, ಇಳಿಜಾರು ಮಾಡಿನ ಹೊಗೆ ಕೊಳವೆಯನ್ನೂ ಹಾಗೇ. ಮಗುವಿನ ಕಣ್ಣು ಹತ್ತಿರ ಇರುವ ಗೆರೆಯನ್ನು ಆಧಾರ ಹಿಡಿಯುತ್ತದೆ. ಇಡೀ ಹಾಳೆಯ ಮೇಲು ಕೆಳಗು ಆಮೇಲೆ ಬರುತ್ತದೆ. ಡಿ.ಎಡ್. ಓದುವಾಗ ಇದನ್ನು "ಮಗುವಿನ ತಪ್ಪು" ಅಂತ ಬಾಯಿಪಾಠ ಮಾಡಿದ್ದೆ. ಈಗ ನೋಡಿದರೆ ಲಂಬ ಕಲಿಸಲು ಇದಕ್ಕಿಂತ ಒಳ್ಳೆಯ ಬಂಡವಾಳ ಬೇಕಾ? ನೇರ ಮೂಲೆ ಆ ಹುಡುಗಿಯ ಕೈಯಲ್ಲಿ ಆಗಲೇ ಇತ್ತು. ನಾನೇ ಕೆಂಪು ಗೆರೆ ಎಳೆದು ಅಳಿಸಲು ಹೊರಟಿದ್ದೆ.

"ನಿನ್ನ ಮರ ಗುಡ್ಡಕ್ಕೆ ಲಂಬವಾಗಿದೆ, ನೀನು ಹೇಳಿದ್ದು ಸರಿ. ಆದರೆ ಮರ ಹಾಗೆ ಬೆಳೆಯುತ್ತಾ ಇಲ್ವಾ ಅನ್ನೋದು ಬೇರೆ ಪ್ರಶ್ನೆ, ಹೋಗಿ ನೋಡೋಣ" ಅಂದೆ. ಹೋಗಿ ನೋಡುವುದಕ್ಕೆ ಎರಡು ವಾರ ಹಿಡಿಯಿತು. ನಡುವೆ ಮೇಸ್ತ್ರಿ ಬಂದರು.

ಮೇಸ್ತ್ರಿಯ ಚೀಲದಲ್ಲಿ ಎರಡು ಸಾಮಾನು

ಆ ವಾರವೇ ಬಿಸಿಯೂಟದ ಅಡುಗೆ ಕೋಣೆಗೆ ಪಾಯ ಗುರುತು ಹಾಕುವ ಕೆಲಸ ಶುರುವಾಯಿತು. ಮಕ್ಕಳ ಗಮನ ಪಾಠದ ಮೇಲೆ ಎಲ್ಲಿರುತ್ತದೆ? ಕಿಟಕಿಯ ಸರಳಿಗೆ ಅಂಟಿಕೊಂಡಿದ್ದರು. ಸರಿ, ಎಲ್ಲರನ್ನೂ ಹೊರಗೇ ಕರೆದುಕೊಂಡು ಹೋದೆ. ಮೇಸ್ತ್ರಿಗೆ ಐವತ್ತು ದಾಟಿದೆ, ಮಕ್ಕಳೆಂದರೆ ಪ್ರೀತಿ. "ನೋಡ್ಲಿ ಬಿಡಿ ಟೀಚರಮ್ಮ, ಗೂಟ ಮಾತ್ರ ಮುಟ್ಟಬ್ಯಾಡಿ ಅನ್ನಿ" ಅಂದರು.

ನಾನು ಕೇಳಿದೆ: "ಮೇಸ್ತ್ರಿ, ಗೋಡೆ ನೇರ ಇದೆಯಾ ಅಂತ ಹೇಗೆ ನೋಡ್ತೀರಿ?"

"ಯಾವ ನೇರ?" ಅಂತ ಅವರು ತಿರುಗಿ ಕೇಳಿದರು.

ಚೀಲದಿಂದ ಎರಡು ಸಾಮಾನು ತೆಗೆದರು. ಒಂದು, ದಾರಕ್ಕೆ ಕಟ್ಟಿದ ಕಬ್ಬಿಣದ ಗುಂಡು. ಇನ್ನೊಂದು, ಕಬ್ಬಿಣದ ಮೂಲೆಮಟ್ಟ. "ಗೋಡೆ ನೆಟ್ಟಗೆ ಏಳ್ತಾ ಐತಾ ಅಂತ ಈ ಗುಂಡು ಹೇಳ್ತದೆ. ಎರಡು ಗೋಡೆ ಸೇರೋ ಮೂಲೆ ಸರಿ ಐತಾ ಅಂತ ಈ ಮಟ್ಟ ಹೇಳ್ತದೆ. ಅದರ ಕೆಲಸ ಇದು ಮಾಡಕಿಲ್ಲ, ಇದರ ಕೆಲಸ ಅದು ಮಾಡಕಿಲ್ಲ."

ನಾನು ಒಂದೇ ಪದದಲ್ಲಿ ಕಲಸಿಟ್ಟಿದ್ದನ್ನು ಅವರು ಎರಡು ಕೈಯಲ್ಲಿ ಬೇರೆ ಬೇರೆಯಾಗಿ ಹಿಡಿದು ನಿಂತಿದ್ದರು.

ಆಮೇಲೆ ಪಾಯದ ಮೂಲೆ ಹಾಕಿದರು. ಮೂಲೆಯ ಗೂಟದಿಂದ ಒಂದು ದಾರದ ಮೇಲೆ 3 ಅಡಿಗೆ ಗುರುತು, ಇನ್ನೊಂದು ದಾರದ ಮೇಲೆ 4 ಅಡಿಗೆ ಗುರುತು. ಆ ಎರಡು ಗುರುತಿನ ನಡುವೆ ಟೇಪು ಹಿಡಿದರೆ 5 ಅಡಿ ಬರಬೇಕು. ಬರುವವರೆಗೆ ಎರಡನೇ ದಾರದ ತುದಿಯ ಗೂಟ ಅತ್ತ ಇತ್ತ ಸರಿಸುತ್ತಾರೆ. ಬಂದಾಗ ಮೂಲೆ 90 ಡಿಗ್ರಿ. ಇದರ ಹಿಂದಿನ ಲೆಕ್ಕ, 3ರ ವರ್ಗ 9ಕ್ಕೆ 4ರ ವರ್ಗ 16 ಕೂಡಿದರೆ 5ರ ವರ್ಗ 25 ಅನ್ನುವುದು, ಈ ಮಕ್ಕಳಿಗೆ ಇನ್ನೂ ದೂರದ ಮಾತು. ನಾನು ಬಾಯಿ ಬಿಡಲಿಲ್ಲ.

ಬೇಕಾಗಿದ್ದು ಬೇರೆಯೇ ಇತ್ತು, ಅದು ಕಣ್ಣೆದುರೇ ಬಿದ್ದಿತ್ತು. ಎರಡು ದಾರಗಳೂ ನೆಲದ ಮೇಲೇ ಮಲಗಿವೆ. ಯಾವುದೂ ಎದ್ದು ನಿಂತಿಲ್ಲ. ಆದರೂ ಒಂದಕ್ಕೊಂದು ಲಂಬ. "ಇಲ್ಲಿ ಯಾವುದು ನಿಂತಿದೆ ಮಕ್ಕಳಾ?" ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. "ಯಾವ್ದೂ ನಿಂತಿಲ್ಲ ಟೀಚರ್, ಎರಡೂ ಮಲ್ಕೊಂಡವೆ" ಅಂತ ಹಿಂದಿನಿಂದ ಒಬ್ಬ.

ಮಧ್ಯಾಹ್ನ ಮಕ್ಕಳಿಗೆ ನಾಲ್ಕು ಗುಂಪು ಮಾಡಿ ದಾರ, ಗೂಟ, ಟೇಪು ಕೊಟ್ಟೆ. ಬೇಕಾದ ದಿಕ್ಕಿಗೆ ಮೂಲೆ ಹಾಕಿ, ಗೋಡೆಗೆ ಸರಿಯಾಗಿ ಮಾತ್ರ ಹಾಕಬೇಡಿ ಅಂತ ಒಂದೇ ಷರತ್ತು. ಓರೆ ಮೂಲೆಗಳೇ ಬೇಕಿತ್ತು ನನಗೆ. ಒಂದು ಗುಂಪಿಗೆ ಐದರ ಬದಲು 5 ಅಡಿ 3 ಇಂಚು ಬಂತು. ಟೇಪನ್ನೇ ಎಳೆದು ಸರಿ ಮಾಡಲು ನೋಡಿದರು. ಮೇಸ್ತ್ರಿ ದೂರದಿಂದಲೇ ನೋಡಿ ನಕ್ಕರು. "ಮೂಲೆ ಬಾಯಿ ಬಿಟ್ಟೈತೆ, ಮುಚ್ರೋ." ಗೂಟ ಒಳಕ್ಕೆ ಸರಿಸಿದರು, ಐದಕ್ಕೆ ಬಂತು. ಅವತ್ತಿನಿಂದ ನಮ್ಮ ಕ್ಲಾಸಿನಲ್ಲಿ ವಿಶಾಲಕೋನಕ್ಕೆ ಬಾಯಿ ಬಿಟ್ಟ ಮೂಲೆ ಅಂತಲೇ ಹೆಸರು.

ಏಣಿ

ಮಾರನೇ ವಾರ ಗೋಡೆ ಎದ್ದಿತ್ತು, ಅದಕ್ಕೆ ಮೇಸ್ತ್ರಿಯ ಬಿದಿರಿನ ಏಣಿ ಒರಗಿತ್ತು. ನನಗೆ ಆಸೆಯಾಯಿತು. ಓರೆಯಾಗಿ ನಿಂತ ಸಮಾಂತರ, ಓರೆಯಾಗಿ ನಿಂತ ಲಂಬ, ಎರಡೂ ಒಂದೇ ಕಡೆ! "ನೋಡಿ, ಪಕ್ಕದ ಎರಡು ಕೋಲು ಸಮಾಂತರ. ಮೆಟ್ಟಿಲುಗಳು ಕೋಲಿಗೆ ಲಂಬ. ಏಣಿ ವಾಲಿದ್ರೂ ಲಂಬ ಕೆಡಲ್ಲ."

ಐದನೇ ತರಗತಿಯ ಹುಡುಗನೊಬ್ಬ ಕತ್ತು ವಾಲಿಸಿ ನೋಡಿ ಹೇಳಿದ, "ಮೇಲೆ ಸಣ್ಣಗೈತೆ ಟೀಚರ್."

ಹೌದು. ಬಿದಿರಿನ ಏಣಿ ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು. ಬುಡ ಅಗಲ ಇದ್ದರೆ ಅಲ್ಲಾಡುವುದಿಲ್ಲ ಅಂತ ಮೇಸ್ತ್ರಿ ವಿವರಿಸಿದರು. ಮೂರು ವಾರದಲ್ಲಿ ನಾನು ಕೊಟ್ಟ ಎರಡನೇ ತಪ್ಪು ಉದಾಹರಣೆ ಇದು. ಆದರೆ ಈ ಸಲ ನಾಚಿಕೆಗಿಂತ ಖುಷಿಯೇ ಜಾಸ್ತಿ ಆಯಿತು.

ಏಣಿ ಇಳಿಸಿ ಅಳೆದೆವು. ಉದ್ದ 12 ಅಡಿ. ಬುಡದಲ್ಲಿ ಕೋಲುಗಳ ನಡುವೆ 16 ಇಂಚು, ತುದಿಯಲ್ಲಿ 12 ಇಂಚು. "ಏಣಿ ಹೀಗೇ ಮೇಲಕ್ಕೆ ಬೆಳೆಸಿಕೊಂಡು ಹೋದರೆ ಕೋಲುಗಳು ಸೇರ್ತಾವಾ?" ಅಂದೆ. ಸೇರುತ್ತವೆ ಅಂತ ಎಲ್ಲರೂ. "ಎಲ್ಲಿ?" ಇಲ್ಲಿ ಐದನೆಯವರು ತಲೆ ಕೆರೆದುಕೊಂಡರು. 12 ಅಡಿಗೆ 4 ಇಂಚು ಕಮ್ಮಿಯಾಗಿದೆ. ಅಂದರೆ 3 ಅಡಿಗೆ 1 ಇಂಚು. ತುದಿಯಲ್ಲಿ ಇನ್ನೂ 12 ಇಂಚು ಉಳಿದಿದೆ. ಅದು ಮುಗಿಯಲು 36 ಅಡಿ ಬೇಕು. ಏಣಿಯ ತುದಿಯಿಂದ ಇನ್ನೂ 36 ಅಡಿ ಮೇಲೆ ಎರಡು ಕೋಲು ಕೂಡುತ್ತವೆ! ಮಕ್ಕಳೆಲ್ಲ ತಲೆ ಎತ್ತಿ, ಸಿಲ್ವರ್ ಓಕ್ ಮರದ ಪಕ್ಕದ ಖಾಲಿ ಆಕಾಶದಲ್ಲಿ ಆ ಜಾಗ ಹುಡುಕಿದರು.

ಹಾಳೆಯ ಮೇಲೆ ಮುಟ್ಟದ ಗೆರೆಗಳನ್ನು "ಸೇರಿಲ್ವಲ್ಲ" ಅಂದಿದ್ದ 11 ಮಕ್ಕಳಿಗೆ ನಾನು ನೂರು ಸಲ "ಮುಂದಕ್ಕೆ ಎಳೆದು ನೋಡಿ" ಅಂದಿದ್ದರೂ ಇಷ್ಟು ತಾಗುತ್ತಿರಲಿಲ್ಲ. ಕ್ಲಾಸಿಗೆ ವಾಪಸು ಬಂದು ತೆಂಗಿನ ಗರಿಯ ಕಡ್ಡಿಗಳನ್ನು ಗೆರೆಯ ಮೇಲೆ ಇಟ್ಟು, ಹಾಳೆಯಾಚೆಗೂ ಬೆಳೆಸಿ ನೋಡಿದರು. ಒಂದಿಬ್ಬರು ಬೆಂಚಿನ ಅಂಚಿನವರೆಗೂ ಹೋದರು.

ಇಲ್ಲೇ ಸಮಾಂತರ ಅನ್ನುವ ಪದವನ್ನೂ ಬಿಡಿಸಿದೆ. ಸಮ, ಅಂತರ. ಎಲ್ಲಿ ಅಳೆದರೂ ನಡುವಿನ ಅಂತರ ಒಂದೇ. ಈ ವಿಷಯದಲ್ಲಿ ನಮ್ಮ ಭಾಷೆ ನಮಗೆ ಉಪಕಾರವನ್ನೇ ಮಾಡಿದೆ. ಯೂಕ್ಲಿಡ್ ಹೇಳಿದ್ದು "ಎಷ್ಟು ಬೆಳೆಸಿದರೂ ಸೇರದವು" ಅಂತ. ಅದನ್ನು ಮಗು ಎಲ್ಲಿಯವರೆಗೆ ಬೆಳೆಸಿ ನೋಡುತ್ತದೆ? ಸಮ ಅಂತರವನ್ನಾದರೆ ಈಗಲೇ, ಎರಡು ಕಡೆ ಸ್ಕೇಲ್ ಇಟ್ಟು ನೋಡಬಹುದು. ತೊಂದರೆ ಏನೆಂದರೆ ಮಕ್ಕಳ ಕಿವಿಗೆ "ಸಮ" ಮಾತ್ರ ಬೀಳುತ್ತದೆ, ಉದ್ದ ಸಮ ಅಂದುಕೊಳ್ಳುತ್ತಾರೆ. ಅದಕ್ಕೆ ರೈಲು ಹಳಿ ಮತ್ತೆ ಕೆಲಸಕ್ಕೆ ಬಂತು. ನಮ್ಮ ಕಡೆಯ ಹಳಿ ಹಿಂದೆ ಮೀಟರ್ ಗೇಜ್, ಅಂತರ 1000 ಮಿಲಿಮೀಟರ್. ಈಗ ಬ್ರಾಡ್ ಗೇಜ್, 1676. ಅಂತರ ಎಷ್ಟಾದರೂ ಇರಲಿ, ಉದ್ದ ಎಷ್ಟಾದರೂ ಇರಲಿ. ಅಂತರ ಬದಲಾದರೆ ಮಾತ್ರ ರೈಲು ಕೆಳಗಿಳಿಯುತ್ತದೆ. ಇದು ಹುಡುಗರಿಗೆ ತಕ್ಷಣ ಹಿಡಿಸಿತು. ರೈಲು ಬೀಳುವುದು ಅವರಿಗೆ ಯಾವಾಗಲೂ ಹಿಡಿಸುತ್ತದೆ.

ಮೂಲೆ ಕಾಗದ

ಮೇಸ್ತ್ರಿಯ ಮಟ್ಟ ಒಂದೇ, ಮಕ್ಕಳು 17. ಹಳೇ ಪೇಪರ್ ಹರಿದು ಹಂಚಿದೆ, ಬೇಕೆಂದೇ ಅಂಚು ಸೊಟ್ಟ ಸೊಟ್ಟ. ಹೇಗಾದರೂ ಒಂದು ಸಲ ಮಡಿಸಿ, ಉಗುರಿನಿಂದ ತೀಡಿ. ನೇರ ಗೆರೆ ಬಂತು. ಈಗ ಆ ಮಡಿಕೆಯ ಅಂಚು ಅದರ ಮೇಲೇ ಕೂರುವ ಹಾಗೆ ಇನ್ನೊಂದು ಸಲ ಮಡಿಸಿ. ಸರಿಯಾದ ಮೂಲೆ ತಯಾರು. ಬಿಡಿಸಿ ನೋಡಿದರೆ ನಡುವೆ ನಾಲ್ಕು ಮೂಲೆ, ನಾಲ್ಕೂ ಒಂದೇ ಸಮ. ಸುತ್ತಲೂ 360 ಇರುವಾಗ ಒಂದಕ್ಕೆ ಎಷ್ಟು ಅಂತ ಐದನೆಯವರು ತಾವೇ ಭಾಗಿಸಿದರು.

ಈ ಮೂಲೆ ಕಾಗದ ಒಂದು ವಾರ ಎಲ್ಲರ ಜೇಬಿನಲ್ಲಿತ್ತು. ಕಿಟಕಿ, ಊಟದ ತಟ್ಟೆಯ ಅಂಚು, ಮೆಟ್ಟಿಲು, ಒಬ್ಬನ ಮೊಣಕೈ. ನಾನು ಒಂದೇ ಕಟ್ಟುಪಾಡು ಮಾಡಿದೆ, ನನಗೂ ಸೇರಿಸಿ. ಲಂಬ ಅಂತ ಬರೀ ಹೇಳುವ ಹಾಗಿಲ್ಲ. ಯಾವುದಕ್ಕೆ ಅಂತ ಹೇಳಬೇಕು. ನಿಂತದ್ದಕ್ಕೆ "ನೆಟ್ಟಗಿದೆ" ಅನ್ನಬೇಕು. ಕನ್ನಡದ "ಕ್ಕೆ" ಇಲ್ಲಿ ಅರ್ಧ ಪಾಠ ಮಾಡಿಬಿಡುತ್ತದೆ. ಈ ದಾರಕ್ಕೆ ಆ ದಾರ ಲಂಬ, ಆ ದಾರಕ್ಕೆ ಈ ದಾರ ಲಂಬ. "ಬಾಗಿಲು ಲಂಬ" ಅಂತ ಯಾರಾದರೂ ಬಾಯಿ ತಪ್ಪಿ ಅಂದರೆ ಉಳಿದವರೆಲ್ಲ "ಯಾವುದಕ್ಕೇ?" ಅಂತ ಕೂಗುವುದು. ನಾನು ಎರಡು ಸಲ ಸಿಕ್ಕಿಬಿದ್ದೆ.

ಒಂದು ದಿನ ಜಗುಲಿಯಲ್ಲಿ ರಂಗೋಲಿ ಚುಕ್ಕಿ ಇಟ್ಟೆವು. ಒಂದು ಚುಕ್ಕಿಯಿಂದ ಎರಡು ಬಲಕ್ಕೆ, ಒಂದು ಮೇಲಕ್ಕೆ ಹೋಗಿ ಗೆರೆ ಎಳೆಯಿರಿ. ಅದೇ ಚುಕ್ಕಿಯಿಂದ ಇದಕ್ಕೆ ಲಂಬ ಎಳೆಯಿರಿ. ಜಾಸ್ತಿ ಜನ ಎರಡು ಎಡಕ್ಕೆ, ಒಂದು ಮೇಲಕ್ಕೆ ಹೋದರು, ಕನ್ನಡಿಯಲ್ಲಿ ನೋಡಿದ ಹಾಗೆ. ಕಾಗದ ಇಟ್ಟರೆ ಮೂಲೆ ಬಾಯಿ ಬಿಟ್ಟಿತ್ತು. ಅಳಿಸಿ, ಬರೆದು, ಕೊನೆಗೆ ಮನೆಯಲ್ಲಿ ದಿನಾ ರಂಗೋಲಿ ಹಾಕುವ ಹುಡುಗಿಗೆ ಸಿಕ್ಕಿತು. ಒಂದು ಎಡಕ್ಕೆ, ಎರಡು ಮೇಲಕ್ಕೆ. "ಎಣಿಕೆ ತಿರುವು ಮುರುವು ಮಾಡ್ಬೇಕು" ಅಂದಳು. ಇದು ಅವಳು ಮುಂದೆ ದೊಡ್ಡ ತರಗತಿಯಲ್ಲಿ ಕಲಿಯಬೇಕಾದ ವಿಷಯ. ನಾನು ಸುಮ್ಮನಿದ್ದೆ. ನಾಲ್ಕನೆಯವರಿಗೆ ಇದು ಹಿಡಿಸಲಿಲ್ಲ, ಅವರನ್ನು ಎಳೆದಾಡಲೂ ಇಲ್ಲ.

ಗುಡ್ಡಕ್ಕೆ ಹೋದದ್ದು

ಮೂರನೇ ವಾರ, ಒಂದು ಮಧ್ಯಾಹ್ನ. ದಾರಕ್ಕೆ ಕಲ್ಲು ಕಟ್ಟಿಕೊಂಡು ಶಾಲೆ ಹಿಂದಿನ ಇಳಿಜಾರಿಗೆ ಹೋದೆವು. ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ಮೊದಲೇ ಹೇಳಿದ್ದೆ. ಪುಟ್ಟಿ ಒಂದು ಸಿಲ್ವರ್ ಓಕ್ ಮರದ ಮುಂದೆ ಕೈ ಚಾಚಿ ದಾರ ಬಿಟ್ಟಳು. ಕಲ್ಲು ಓಲಾಡಿ ಓಲಾಡಿ ನಿಂತಿತು. ಒಂದು ಕಣ್ಣು ಮುಚ್ಚಿ ನೋಡಿದಳು. ಮತ್ತೊಂದು ಮರ. ಮತ್ತೊಂದು.

"ಮರ ದಾರದ ಹಾಗೇ ಐತೆ."

"ಹಾಗೇ ಅಂದ್ರೆ?"

"ದಾರಕ್ಕೆ ಸಮಾಂತರ." ಸ್ವಲ್ಪ ತಡೆದು, "ಎಲ್ಲಾ ಮರಾನೂ. ಮರಕ್ಕೆ ಮರಾನೂ."

ಬುಡಕ್ಕೆ ಮೂಲೆ ಕಾಗದ ಹಿಡಿಸಿದೆ. ಇಳಿಜಾರಿನ ಮೇಲ್ಗಡೆ ಕಾಗದ ತೂರಲೇ ಇಲ್ಲ, ಕೆಳಗಡೆ ಬಾಯಿ ಬಿಟ್ಟಿತು. ನೆಲಕ್ಕೆ ಲಂಬ ಅಲ್ಲ ಅಂತ ಅವಳೇ ಹೇಳಿದಳು. ಗಿಡಕ್ಕೆ ಭೂಮಿಯ ಸೆಳೆತ ಯಾವ ಕಡೆ ಅಂತ ಗೊತ್ತಾಗುತ್ತದೆ, ಅದರ ಎದುರು ದಿಕ್ಕಿಗೆ ಕಾಂಡ ಏರುತ್ತದೆ ಅಂತ ಅಲ್ಲೇ ನಿಂತು ಎರಡು ಮಾತು ಹೇಳಿದೆ. ಅಷ್ಟರಲ್ಲಿ ಹುಡುಗರು ಪೇರಲೆ ಮರ ಹತ್ತಿದ್ದರು.

ತಿಂಗಳ ಕೊನೆಗೆ ಹೊಸ ಹಾಳೆ ಕೊಟ್ಟೆ, ಗೆರೆಗಳೆಲ್ಲ ಓರೆ. ತಿರುಗಿಸಿದ ಲಂಬವನ್ನು 17ರಲ್ಲಿ 14 ಮಕ್ಕಳು ಗುರುತಿಸಿದರು. ಮುಟ್ಟದ ಆದರೆ ಸೇರುವ ಗೆರೆಗಳಲ್ಲಿ ತಪ್ಪಿದವರು ಮೂವರೇ. ಉದ್ದ ಗಿಡ್ಡ ಇರುವ ಸಮಾಂತರದಲ್ಲಿ ಇನ್ನೂ ಆರು ಮಂದಿ "ಸಮ ಇಲ್ಲ" ಅಂತಲೇ ಬರೆದರು. ರೈಲು ಅಷ್ಟು ದೂರ ಹೋಗಲಿಲ್ಲ. ಅವರಿಗೆ ಬೇರೆ ಏನಾದರೂ ಹುಡುಕಬೇಕು. ಒಬ್ಬನೇ ಸಿಪಾಯಿ ಉದ್ದ ಸಾಲಿನ ಪಕ್ಕ ನಡೆಯುವ ಆಟ ಒಂದು ತಲೆಯಲ್ಲಿದೆ.

ನಾನು ಕೇಳದಿದ್ದರೂ ಪುಟ್ಟಿ ಗುಡ್ಡದ ಚಿತ್ರ ಮತ್ತೆ ಬರೆದು ತಂದಳು. ಮರಗಳೆಲ್ಲ ನೆಟ್ಟಗೆ, ಒಂದಕ್ಕೊಂದು ಸಮಾಂತರ. ಬಲಗಡೆಯ ಒಂದು ಮರ ಮಾತ್ರ ಹಳೇ ಹಾಗೇ, ಇಳಿಜಾರಿಗೆ ಲಂಬವಾಗಿ ಹೊರಕ್ಕೆ ಚಾಚಿತ್ತು. ಕೆಂಪು ಪೆನ್ನು ಜೇಬಿನಲ್ಲೇ ಇಟ್ಟುಕೊಂಡು, "ಇದೇನೇ?" ಅಂದೆ.

"ಅದು ಮಳೇಲಿ ವಾಲಿದ್ದು ಟೀಚರ್. ನಮ್ಮನೆ ಹಿಂದೆ ಐತೆ. ಕಾಗದ ಇಟ್ಟು ನೋಡಿ ಬಂದೆ."